ತೊಳೆದ ಕಬ್ಬಿಣ

ಸನೋಬರ್ ಮುರಿದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ ಸಂಜೆ ಮದ್ರಹಿಮನ ಮನೆಯಲ್ಲಿ ರೇಷ್ಮೆಹುಳುಗಳು ಎರಡನೇ ಜ್ವರಕ್ಕೆ ಕೂತಿದ್ದವು. ಮನೆಯ ದೊಡ್ಡ ಕೋಣೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು, ಮನೆಮಂದಿಯೆಲ್ಲ ಅಡುಗೆಮನೆಯ ಪಕ್ಕದ ಇಕ್ಕಟ್ಟಿನಲ್ಲಿ ಕಾಲು ಮಡಚಿಕೊಂಡು ಮಲಗುವ ಕಾಲ ಅದು. ಹುಳು ಹೀಗೆ ಜ್ವರಕ್ಕೆ ಕೂತು, ಮೇವು ಬಿಟ್ಟು ಪೊರೆ ಕಳಚಲು ಮಲಗಿದಾಗ ಬಾಗಿಲು ದಡಾರನೆ ಹಾಕಬಾರದು, ಈರುಳ್ಳಿ ಹುರಿಯಬಾರದು, ಹೊರಗಿನ ವಾಸನೆ ಒಳಗೆ ತರಬಾರದು ಎಂದು ಮದ್ರಹಿಮನ ಹೆಂಡತಿ ಬಿಕಾಜಾನ್ ಕಟ್ಟಪ್ಪಣೆ ಮಾಡಿದ್ದಳು.

ಮದ್ರಹಿಮ ಜರ್ದಾಳು ಮರದ ಕೆಳಗಿನ ಹಲಗೆಮಂಚದ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ನಲವತ್ತು ವರ್ಷ ಟ್ರಾಕ್ಟರ್ ಶೆಡ್ಡಿನಲ್ಲಿ ಬೆಸುಗೆ ಹಾಕಿದವನು. ಈಗ ಕಣ್ಣು ಸೋತು ಮನೆಯಲ್ಲಿದ್ದ. ಸೊಸೆ ಸನೋಬರ್ ಗೇಟು ದಾಟಿ ಬಂದಾಗ ಅವಳ ಮೊಣಕಾಲು ತರಚಿ, ಕಾಲುಚೀಲಕ್ಕೆ ರಕ್ತ ಅಂಟಿಕೊಂಡು ಒಣಗಿತ್ತು. ಸೈಕಲ್ಲಿನ ಕೆಳಗಿನ ಕೊಳವೆ ಪೆಡಲ್ ತಿರುಗುವ ಜಾಗದಲ್ಲಿ ಕಿತ್ತುಕೊಂಡು, ಮುರಿದ ರೆಂಬೆಯ ಹಾಗೆ ಜೋತಾಡುತ್ತಿತ್ತು.

“ಅಲ್ಲೇ ನಿಲ್ಲು,” ಎಂದಳು ಬಿಕಾಜಾನ್, ಬಾಗಿಲಿನಿಂದಲೇ. “ಹುಳ ಮಲಗಿವೆ. ಮೊದಲು ಪಂಪಿನ ಹತ್ತಿರ ಹೋಗು.”

“ಬಿದ್ದೆ ಅಮ್ಮ. ಸೈಕಲ್ಲು ಮುರೀತು.”

“ಮುರಿದ್ರೂ ಆಸ್ಪತ್ರೆಯಿಂದ ಬಂದದ್ದೇ ತಾನೆ. ತೊಳಿ.”

ಸನೋಬರ್ ಕುಂಟಿಕೊಂಡು ಕೈಪಂಪಿನ ಹತ್ತಿರ ಹೋದಳು. ಸೀಟಿನ ತಿರುಪು ಸಡಿಲಿಸಿ, ಸೀಟನ್ನು ಕಂಬದ ಸಮೇತ ಎಳೆದು, ಸೋಪಿನ ಪುಡಿ ಹಾಕಿದ ಬಕೀಟಿನಲ್ಲಿ ಮುಳುಗಿಸಿದಳು. ಆಮೇಲೆ ಹಿಡಿಯಿಂದ ಹಿಡಿದು ಚಕ್ರದವರೆಗೆ ನೀರು ಸುರಿದಳು. ದಿನವೂ ಹೀಗೆಯೇ. ಅವಳು ಪಟ್ಟಣದ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ಸೇರಿದ ಮೊದಲ ವಾರವೇ ಬಿಕಾಜಾನ್ ಈ ಕಟ್ಟಳೆ ಮಾಡಿದ್ದಳು. ರೋಗಿಗಳ ಹಾಸಿಗೆ ಮುಟ್ಟಿದವಳು ಕೂತ ಸೀಟು, ಹಿಡಿದ ಹಿಡಿ, ಆ ಅಂಗಳದಲ್ಲಿ ಉರುಳಿದ ಚಕ್ರ, ಎಲ್ಲ ತೊಳೆದೇ ಒಳಗೆ ಬರಬೇಕು. ಮದ್ರಹಿಮ ಅದನ್ನು ದಿನವೂ ಮಂಚದ ಮೇಲಿಂದ ನೋಡಿದ್ದ. ಅಕ್ಕಿ ತೊಳೆಯುವುದನ್ನು ನೋಡುವ ಹಾಗೆ ನೋಡಿದ್ದ.

ರಾತ್ರಿ ಊಟಕ್ಕೆ ಹೆಸರುಕಾಳಿನ ಗಂಜಿ. ಬಿಕಾಜಾನ್ ನಾಲ್ಕು ಜನಕ್ಕೆ ಬಡಿಸಿದಳು: ಗಂಡನಿಗೆ, ಮಗ ಸಾತಿಮನಿಗೆ, ತನಗೆ ಹೂವಿನ ಚಿತ್ರದ ಪಿಂಗಾಣಿ ಬಟ್ಟಲು, ಸೊಸೆಗೆ ಅಂಚು ಕಿತ್ತುಹೋದ ನೀಲಿ ತಗಡಿನ ಬಟ್ಟಲು. ಸೊಸೆ ನಾದಿದ ಹಿಟ್ಟಿನ ರೊಟ್ಟಿಯನ್ನು ಬಿಕಾಜಾನ್ ಮುಟ್ಟುತ್ತಿರಲಿಲ್ಲ. ಸೊಂಟ ನೋಯುತ್ತದೆ ಎಂದು ನರಳುತ್ತಲೇ ತಾನೇ ನಾದಿ ತಂದೂರಿಗೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಚೀಲ ಮಾತ್ರ ಸೊಸೆಯ ಸಂಬಳದ್ದು.

“ಇನ್ನು ಹೋಗೋದು ಹೇಗೆ?” ಎಂದು ಕೇಳಿದ ಮದ್ರಹಿಮ.

“ವ್ಯಾನಲ್ಲಿ ಹೋಗ್ಲಿ,” ಎಂದ ಸಾತಿಮ. ಅವನು ಕಾಲುವೆಯ ಪಂಪ್‌ಹೌಸಿನಲ್ಲಿ ಕಾವಲಿಗಿದ್ದ. ದಿನವೆಲ್ಲ ಕೂತು ಕೂತು ಮೂವತ್ತೈದಕ್ಕೇ ಹೊಟ್ಟೆ ಬಂದಿತ್ತು.

“ಮೊದಲ ವ್ಯಾನು ಬರೋದು ಏಳಕ್ಕೆ,” ಎಂದಳು ಸನೋಬರ್. “ನಾನು ಆರಕ್ಕೆ ಬಾಯ್ಲರ್ ಹಚ್ಚಬೇಕು. ಈ ತಿಂಗಳು ಆಗ್ಲೇ ಎರಡು ಸಲ ತಡವಾಗಿದೆ, ಚೈನು ಕಿತ್ತು. ತಿಂಗಳ ಕೊನೆತನಕ ನೋಡ್ತೀನಿ, ಆಮೇಲೆ ಬೇರೆಯವರನ್ನ ತಗೋತೀನಿ ಅಂದಿದಾಳೆ ನಮ್ಮ ಮೇಲಿನವಳು.”

“ನೀನೇ ಬಿಟ್ಟು ಬಾ,” ಎಂದ ಮದ್ರಹಿಮ ಮಗನಿಗೆ. “ಮೋಟರ್‌ಸೈಕಲ್ಲಿದೆಯಲ್ಲ.”

“ಆ ಆಸ್ಪತ್ರೆ ಗೇಟಿನ ಹತ್ತಿರವಾ? ಅಲ್ಲಿ ನಮ್ಮವರೆಲ್ಲ ಚಹಾ ಕುಡಿಯೋಕೆ ನಿಂತಿರ್ತಾರೆ. ಕೀವಿನ ಬಟ್ಟೆ ಒಗೆಯೋಳ ಗಂಡ ಬಂದ ಅಂತಾರೆ.”

“ಕೀವಿನ ಬಟ್ಟೆ ಒಗೆದೇ ನಿಮ್ಮ ಮೋಟರ್‌ಸೈಕಲ್ಲಿಗೆ ಟೈರು ಬಂದದ್ದು,” ಎಂದಳು ಸನೋಬರ್.

“ನೋಡಿದ್ಯಾ ಅಮ್ಮ, ಇವಳ ಬಾಯಿ.”

“ಊಟದ ಹೊತ್ತಲ್ಲಿ ಕೀವು ಗೀವು ಅನ್ಬೇಡಿ,” ಎಂದು ಬಿಕಾಜಾನ್ ಚಮಚ ಕೆಳಗಿಟ್ಟಳು. “ಮುರಿದಿದ್ದೇ ಒಳ್ಳೇದಾಯ್ತು. ಮನೇಲಿರ್ಲಿ. ಹುಳದ ಕಾಲ, ಸೊಪ್ಪು ಹಾಕೋಕೆ ಒಂದು ಕೈ ಆಗುತ್ತೆ.”

ಬಿಕಾಜಾನ್ ಅಷ್ಟು ಹೇಳಿ ರೊಟ್ಟಿ ಮುರಿದಳು. ಅವಳ ಉಗುರಿನ ಸಂದಿಯಲ್ಲಿ ಹುಳದ ಹಿಕ್ಕೆ ಕಪ್ಪಗೆ ಕೂತಿತ್ತು. ಮದ್ರಹಿಮ ಅತ್ತ ನೋಡಿ, ತನ್ನ ಪಾಲಿನ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದ.

“ನಾನು ವೆಲ್ಡಿಂಗ್ ಮಾಡಿ ಕೊಡ್ತೀನಿ,” ಎಂದ. “ಅದು ನಮ್ಮ ಕಾಲದ ಕಬ್ಬಿಣ. ಈಗಿನ ತಗಡಲ್ಲ. ನಾವೆಲ್ಲ ಸತ್ತ ಮೇಲೂ ಓಡುತ್ತೆ.”

ಮರುದಿನ ಅವನು ಬೆಸುಗೆಯ ಮುಖವಾಡ ಹುಡುಕಿ ತೆಗೆದ. ವೆಲ್ಡಿಂಗ್ ಕಡ್ಡಿ ತಾಗಿದ್ದೇ ತಡ, ಕೊಳವೆ ಮೇಣದಂತೆ ಕರಗಿ ತೂತು ಬಿತ್ತು. ಸೋತ ಕಣ್ಣಿನ ತಪ್ಪೆಂದುಕೊಂಡ. ಇನ್ನೊಂದು ಕಡೆ ತಾಗಿಸಿದ, ಅಲ್ಲೂ ತೂತು. ಕೊನೆಗೆ ಮೇಲೊಂದು ದಪ್ಪ ಪಟ್ಟಿ ಸುತ್ತಿ, ಹೇಗೋ ಹಿಡಿಸಿ, ಅರದಿಂದ ಉಜ್ಜಿ, ಬಣ್ಣ ಬಳಿದು ಕೊಟ್ಟ. ಸನೋಬರ್ ಅದರ ಮೇಲೆ ನಾಲ್ಕು ದಿನ ಹೋಗಿ ಬಂದಳು. ಐದನೆಯ ದಿನ ಪಟ್ಟಿಯ ಪಕ್ಕದಲ್ಲೇ ಮತ್ತೆ ಮುರಿಯಿತು. ಈ ಸಲ ಅವಳು ಬೀಳಲಿಲ್ಲ. ಹ್ಯಾಂಡಲ್ಲು ಅಲ್ಲಾಡಿದಾಗಲೇ ಇಳಿದು ನಡೆದಿದ್ದಳು.

“ಕಬ್ಬಿಣ ನಾಲ್ಕು ದಿನ ಓಡ್ತು,” ಎಂದ ಸಾತಿಮ, ಮೀಸೆಯಡಿಯಲ್ಲಿ ನಗುತ್ತ. “ಅಪ್ಪ ಇನ್ನೂ ಸತ್ತಿಲ್ಲ.”

ಅಂದಿನಿಂದ ಸನೋಬರ್ ಬೆಳಕು ಹರಿಯುವ ಮುಂಚೆಯೇ ನಡೆದು ಹೋಗತೊಡಗಿದಳು. ಒಂಬತ್ತು ಕಿಲೋಮೀಟರು. ಸಂಜೆ ಬರುವಾಗ ಯಾರದೋ ಗಾಡಿ ಸಿಕ್ಕರೆ ಸಿಕ್ಕಿತು. ಬಂದವಳೇ ಪಂಪಿನ ಹತ್ತಿರ ಹೋಗಿ, ಸೈಕಲ್ಲಿಲ್ಲವಾದ್ದರಿಂದ ಚಪ್ಪಲಿಯನ್ನೂ ಕಾಲನ್ನೂ ತೊಳೆಯುತ್ತಿದ್ದಳು. ಹಿಮ್ಮಡಿ ಒಡೆದು ಕೆಂಪಗಾಗಿತ್ತು.

ಹುಳುಗಳು ಮೂರನೇ ಜ್ವರ ಕಳೆದು ಎದ್ದವು. ಈಗ ಅವಕ್ಕೆ ಹಸಿವೋ ಹಸಿವು. ಕೋಣೆಯೊಳಗೆ ಅವು ಎಲೆ ಕಡಿಯುವ ಸದ್ದು ಹಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ. ಸಾತಿಮ ಸೊಪ್ಪು ತರಲು ಸೋಮಾರಿತನ ಮಾಡಿ, ಬೆಳಗಿನ ಇಬ್ಬನಿಯಲ್ಲಿ ಒಂದೇ ಸಲಕ್ಕೆ ರಾಶಿ ಹಿಪ್ಪುನೇರಳೆ ರೆಂಬೆ ಕಡಿದು ತಂದು, ಒದ್ದೆಯಾಗಿದ್ದಂತೆಯೇ ಒಟ್ಟಿದ. ಎರಡು ದಿನಕ್ಕೆ ಒಂದು ಅಟ್ಟಣೆಯ ಹುಳುಗಳಿಗೆಲ್ಲ ಸಪ್ಪೆ ರೋಗ ಬಡಿಯಿತು. ಮೈ ಸಡಿಲವಾಗಿ, ಕಪ್ಪಗೆ ಕೊಳೆತು, ಮುಟ್ಟಿದರೆ ಒಡೆದು ನೀರಾಗುತ್ತಿದ್ದವು. ನಾತ ಅಂಗಳದವರೆಗೆ ಬಂತು. ಬಿಕಾಜಾನ್ ಬರಿಗೈಯಲ್ಲಿ ಅವನ್ನು ಬಾಚಿ ಬಾಚಿ ಬಕೀಟಿಗೆ ಹಾಕಿದಳು. ಮೂಗು ಮುಚ್ಚಲಿಲ್ಲ. ಹಾಕುತ್ತಲೇ ಬೈದಳು.

“ಇವಳ ಆಸ್ಪತ್ರೆ ವಾಸನೆ. ಹೇಳಿದ್ದೆ ನಾನು. ಹೇಳಿದ್ದೆ.”

“ಅವಳು ಆ ಕೋಣೆಗೆ ಹತ್ತು ದಿನದಿಂದ ಕಾಲಿಟ್ಟಿಲ್ಲ,” ಎಂದ ಮದ್ರಹಿಮ. “ಸೊಪ್ಪು ಒದ್ದೆಯಿತ್ತು.”

“ಸೊಪ್ಪು ಎಲ್ಲ ವರ್ಷವೂ ಒದ್ದೆ ಇರುತ್ತೆ. ಆಸ್ಪತ್ರೆ ಈಗ ಬಂದದ್ದು.”

ಸಾತಿಮ ಆ ಮಾತು ಕೇಳಿಸಿಕೊಂಡು, ತನ್ನದಲ್ಲವೆಂಬಂತೆ ಸೂರ್ಯಕಾಂತಿ ಬೀಜ ಕಡಿಯುತ್ತ ಸಿಪ್ಪೆ ಉಗುಳುತ್ತಿದ್ದ.

ಮದ್ರಹಿಮನಿಗೆ ಆ ಮನೆಯೊಳಗೆ ಕೂರಲಾಗಲಿಲ್ಲ. ಕೊಟ್ಟಿಗೆಗೆ ಹೋಗಿ ಹಳೆಯ ಸೈಕಲ್ಲನ್ನು ಇಕ್ಕಳದಲ್ಲಿ ಸಿಕ್ಕಿಸಿ, ಇದೇಕೆ ಹೀಗೆ ಕೈಕೊಟ್ಟಿತು ಎಂದು ನೋಡುವುದಕ್ಕಾಗಿ ಗರಗಸ ಹಿಡಿದ. ಸೀಟಿನ ಕಂಬ ಇಳಿಯುವ ಕೊಳವೆಯನ್ನು, ಪೆಡಲ್ ತಿರುಗುವ ಜಾಗಕ್ಕೆ ಒಂದು ಗೇಣು ಮೇಲೆ ಕೊಯ್ದ. ಗರಗಸ ನಾಲ್ಕು ಸಲ ಆಡುವಷ್ಟರಲ್ಲಿ ಆಚೆ ಬಂತು. ಕೊಳವೆ ಬಾಗಿಸಿದ. ಒಳಗಿನಿಂದ ಕಂದು ಬಣ್ಣದ ಗಟ್ಟಿ ರಾಡಿ ಮುದ್ದೆ ಮುದ್ದೆಯಾಗಿ ಅವನ ಪಾದದ ಮೇಲೆ ಸುರಿಯಿತು. ತುಕ್ಕಿನ ಚಕ್ಕೆ, ಸೋಪಿನ ಬೂದು ಲೋಳೆ, ಕೊಳೆತ ಮೊಟ್ಟೆಯ ನಾತ. ಕೊಳವೆಯ ಗೋಡೆ ಒಳಗಿನಿಂದ ತಿಂದುಹೋಗಿ, ಮೊಟ್ಟೆಯ ಸಿಪ್ಪೆಯಷ್ಟು ಉಳಿದಿತ್ತು. ಬಣ್ಣ ಮಾತ್ರ ಹೊರಗೆ ಚೆನ್ನಾಗಿತ್ತು.

ಅವನು ಬೆರಳಿಗೆ ಒಂದಿಷ್ಟು ತಗೊಂಡು ನಾಲಿಗೆಗೆ ಮುಟ್ಟಿಸಿದ. ಉಪ್ಪು. ಕಡು ಉಪ್ಪು. ತಕ್ಷಣ ಉಗುಳಿದ, ಮತ್ತೂ ಮೂರು ಸಲ ಉಗುಳಿದ.

ಅವರ ಊರಿನ ನೆಲದಡಿಯ ನೀರೇ ಹಾಗೆ. ಆ ಪಂಪಿನ ನೀರನ್ನು ಚಹಾಕ್ಕೆ ಇಡುವವರಿಲ್ಲ. ಚಹಾದ ನೀರು ಟ್ಯಾಂಕರಿನದು. ಪಂಪಿನ ಸುತ್ತಲಿನ ಇಟ್ಟಿಗೆ ಬೆಳ್ಳಗೆ ಉಪ್ಪು ಕಾರಿ ಪುಡಿಯಾಗಿದ್ದನ್ನು ಮದ್ರಹಿಮನೇ ಎರಡು ಸಲ ಬದಲಿಸಿದ್ದ. ದಿನವೂ ಸೀಟು ಕಿತ್ತು, ಕೊಳವೆಯ ಬಾಯಿ ಆಕಾಶಕ್ಕೆ ತೆರೆದಿಟ್ಟು, ಮೇಲಿನಿಂದ ಬಕೀಟುಗಟ್ಟಲೆ ಆ ನೀರು. ಒಂದೂವರೆ ವರ್ಷ. ಇಳಿಯಲು ದಾರಿಯಿಲ್ಲದೆ ಅದೆಲ್ಲ ತಳದಲ್ಲಿ ಕೂತು ಕಬ್ಬಿಣವನ್ನು ತಿಂದಿತ್ತು.

ಅವನು ಆ ತುಂಡನ್ನು ಹಾಗೇ ಎತ್ತಿಕೊಂಡು ಹೋಗಿ ಊಟಕ್ಕೆ ಹಾಸಿದ್ದ ಬಟ್ಟೆಯ ಮೇಲೆ, ರೊಟ್ಟಿಗಳ ಪಕ್ಕದಲ್ಲಿ ಇಟ್ಟ. ಅಂದು ಮೊಟ್ಟೆ ತುಂಬಿದ ಕಡುಬು ಮಾಡಿದ್ದರು. ರಾಡಿ ಬಟ್ಟೆಗೆ ಇಳಿಯಿತು.

“ತೆಗೀರಿ ಅದನ್ನ,” ಎಂದಳು ಬಿಕಾಜಾನ್. “ಏನು ಹೊಲಸು ಅದು?”

“ನಿನ್ನದೇ. ನೀನು ತೊಳೆಸಿದ್ದು.”

“ನಾನೇನು ಮಾಡಿದೆ ಸಾತಿಮನ ಅಪ್ಪ? ಚೊಕ್ಕಟ ಮಾಡಿಸಿದೆ.”

“ಚಹಾಕ್ಕೆ ಆಗದ ನೀರನ್ನ ಹೊಟ್ಟೆ ತುಂಬ ಕುಡಿಸಿದ್ದೀಯ ಸೈಕಲ್ಲಿಗೆ. ಒಳಗೆ ಕೊಳೆತು ಹೋಗಿದೆ. ಹುಡುಗಿ ಲಾರಿ ಅಡಿಗೆ ಬಿದ್ದಿದ್ರೆ?”

ಬಿಕಾಜಾನ್ ಆ ತುಂಡನ್ನು ನೋಡಿದಳು, ಸೊಸೆಯನ್ನು ನೋಡಲಿಲ್ಲ. ಆಮೇಲೆ ಅವಳ ಮುಖ ಹಗುರವಾಯಿತು.

“ತುಕ್ಕು ಹಿಡಿಯದ್ದೂ ಇದೆಯಲ್ಲ,” ಎಂದಳು. “ಅಲ್ಯೂಮಿನಿಯಮ್ಮು. ರೋಜ್ಮತ ಮಾರ್ತಾನಲ್ಲ ಪೇಟೇಲಿ. ಎಷ್ಟು ತೊಳೆದ್ರೂ ಏನೂ ಆಗಲ್ವಂತೆ. ಅದನ್ನೇ ತಂದುಬಿಡಿ.”

“ಅದೇ ಸರಿ,” ಎಂದ ಸಾತಿಮ, ಕಡುಬು ಬಾಯಿಗೆ ಹಾಕಿಕೊಂಡು. “ಅಪ್ಪಂಗೂ ವೆಲ್ಡಿಂಗ್ ಕಷ್ಟ ಇಲ್ಲ, ಅಮ್ಮಂಗೂ ಸಮಾಧಾನ. ಇಷ್ಟು ದಿನ ಯಾರಿಗೂ ಹೊಳೀಲಿಲ್ಲ ನೋಡು.”

“ಹುಳಕ್ಕೂ ಒಳ್ಳೇದು,” ಎಂದಳು ಬಿಕಾಜಾನ್. ಎದ್ದು ಹೋಗಿ, ಬಟ್ಟೆಯ ಗಂಟಿನಿಂದ ದುಡ್ಡು ತೆಗೆದು ಗಂಡನ ಮುಂದೆ ಇಟ್ಟಳು. ಅದು ಸೊಸೆಯ ಸಂಬಳದ್ದೇ. “ಕಬ್ಬಿಣಕ್ಕೆ ಒಂದು ಸೋಮ್ ದುಡ್ಡೂ ಕೊಡಲ್ಲ ನಾನು. ಅಲ್ಯೂಮಿನಿಯಮ್ಮಿಗೆ ಮಾತ್ರ.”

ಸನೋಬರ್ ತಗಡಿನ ಬಟ್ಟಲು ಎತ್ತಿಕೊಂಡು ಎದ್ದು ಹೋದಳು.

ಮದ್ರಹಿಮ ಊಟ ಮಾಡಲಿಲ್ಲ. ಮಗ ಕಡುಬಿನ ಮೇಲಿನ ಮೊಸರನ್ನು ಬೆರಳಿನಿಂದ ಬಳಿದು ನೆಕ್ಕುವುದನ್ನು ನೋಡುತ್ತ ಕೂತಿದ್ದ. ಒಂದು ಮನೆ. ನಾಲ್ಕು ಜನ. ಹುಡುಗಿಯನ್ನು ಇನ್ನೂ ಹತ್ತು ವರ್ಷ ಬಕೀಟಿನಡಿ ನಿಲ್ಲಿಸುವುದಕ್ಕೆ ಯಾವ ಲೋಹ ತಾಳುತ್ತದೆ ಎಂದು ಹುಡುಕಿ, ಸಿಕ್ಕಿತೆಂದು ಎಲ್ಲರಿಗೂ ಖುಷಿ. ಆಗಲೇ ಅವನು ಮನಸ್ಸಿನಲ್ಲಿ ತೀರ್ಮಾನ ಮಾಡಿದ: ತರುವುದು ಕಬ್ಬಿಣವನ್ನೇ.

ಭಾನುವಾರ ಅವನೂ ಸೊಸೆಯೂ ವ್ಯಾನು ಹಿಡಿದು ಗುರ್ಲನ್ ಪೇಟೆಗೆ ಹೋದರು. ರೋಜ್ಮತ ಮದ್ರಹಿಮನ ತಮ್ಮನ ಮಗ. ಹಿಂದೆ ಕುರಿ ಮಾರುತ್ತಿದ್ದ, ಈಗ ಸೈಕಲ್ಲು. ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳನ್ನು ಕುರಿಗಳನ್ನು ಸವರುವ ಹಾಗೆಯೇ ಸವರುತ್ತಿದ್ದ. ಮದ್ರಹಿಮ ಜೇಬಿನಿಂದ ಅಯಸ್ಕಾಂತ ತೆಗೆದ.

“ಅಯಸ್ಕಾಂತ ಜೇಬಲ್ಲೇ ಇರ್ಲಿ ದೊಡ್ಡಪ್ಪ. ನಾನು ನಿಮಗೆ ತಗಡಿಗೆ ಬಣ್ಣ ಬಳಿದು ಕೊಡ್ತೀನಾ?”

“ಮೊದಲು ಕುರಿಗೆ ನೀರು ಕುಡಿಸಿ ತೂಕಕ್ಕೆ ನಿಲ್ಲಿಸ್ತಿದ್ದೆ. ನಿನ್ನ ನನಗೆ ಗೊತ್ತಿಲ್ವಾ?”

ಅಯಸ್ಕಾಂತ ಬೂದು ಬಣ್ಣದ ಸೈಕಲ್ಲಿಗೆ ಹಿಡಿಯಲಿಲ್ಲ, ಕೆಳಗೆ ಬಿತ್ತು. ಪಕ್ಕದ ಹಸಿರು ಸೈಕಲ್ಲಿಗೆ ಟಕ್ ಎಂದು ಅಂಟಿಕೊಂಡಿತು. ಮದ್ರಹಿಮ ಬೆರಳಿನ ಗೆಣ್ಣಿನಿಂದ ಎರಡನ್ನೂ ಬಡಿದು ನೋಡಿದ.

“ಇದು ಗಂಜಿ ಪಾತ್ರೆ ಸದ್ದು,” ಎಂದ ಬೂದು ಬಣ್ಣದ್ದಕ್ಕೆ. “ಬಿರುಕು ಬಿಟ್ರೆ ಯಾರು ಬೆಸೀತಾರೆ?”

“ಇಲ್ಲಿ ಯಾರೂ ಇಲ್ಲ. ಉರ್ಗೆಂಚ್ ನಗರಕ್ಕೆ ಹೋಗ್ಬೇಕು, ಅದನ್ನ ಬೆಸೆಯೋಕೆ ಬೇರೆ ಥರದ ಗ್ಯಾಸು ಬೇಕು. ಸುಳ್ಳು ಹೇಳಲ್ಲ.”

“ಕಬ್ಬಿಣ ಆದ್ರೆ ಹಾದಿಬದಿಯವನೂ ಬೆಸೀತಾನೆ.”

“ಬೆಸೀತಾನೆ. ಬೆಸೆದದ್ದು ನಾಲ್ಕು ದಿನ ತಡೆಯುತ್ತೆ ಅಂತ ಸಾತಿಮ ಹೇಳಿದ.”

“ಉಪ್ಪು ನೀರಿಗೆ ಯಾವುದು ತಡೆಯುತ್ತೆ?” ಎಂದು ಕೇಳಿದ ಮದ್ರಹಿಮ.

“ಕೇಳಿ ಅತ್ತಿಗೆ, ನೀವೂ ಕೇಳಿ. ಕಬ್ಬಿಣಕ್ಕೆ ಉಪ್ಪು ಆಗಲ್ಲ. ಅಲ್ಯೂಮಿನಿಯಮ್ಮು ತುಕ್ಕು ಹಿಡಿಯಲ್ಲ. ಬೇಕಾದ್ರೆ ದಿನಾ ಸ್ನಾನ ಮಾಡಿಸಿ.”

“ಹಿಡಿಯುತ್ತೆ,” ಎಂದ ಮದ್ರಹಿಮ. “ಬಿಳಿ ಹಿಟ್ಟಾಗುತ್ತೆ. ಟೀ ಕುದಿಸೋ ಪಾತ್ರೆ ತಳ ನೋಡಿಲ್ವಾ. ತಡವಾಗಿ ಆಗುತ್ತೆ, ಅಷ್ಟೇ. ಸೀಟಿನ ಕಂಬ ಒಳಗೇ ಕಚ್ಚಿಕೊಂಡು ಕೂತುಬಿಡುತ್ತೆ.”

“ಅದೂ ನಿಜ,” ಎಂದ ರೋಜ್ಮತ, ನಗದೆ. “ಗ್ರೀಸ್ ಹಚ್ಚಬೇಕು.”

“ಹಸಿರುದು ಕೊಡು. ಕಬ್ಬಿಣದ್ದು.”

ಅಷ್ಟರಲ್ಲಿ ಸನೋಬರ್ ಮುಂದೆ ಬಂದಳು. ಯಾರನ್ನೂ ಕೇಳಲಿಲ್ಲ. ಹಸಿರು ಸೈಕಲ್ಲಿನ ನಡುವೆ ಕೈ ಹಾಕಿ, ಒಂದೇ ಎಳೆತಕ್ಕೆ ಬಲ ಹೆಗಲ ಮೇಲೆ ಏರಿಸಿಕೊಂಡು ಇಪ್ಪತ್ತು ಹೆಜ್ಜೆ ನಡೆದಳು. ತಿರುಗಿ ಬಂದು ಇಳಿಸಿದಳು. ಆಮೇಲೆ ಬೂದು ಬಣ್ಣದ್ದನ್ನು ಹಾಗೆಯೇ ಏರಿಸಿಕೊಂಡು ನಡೆದಳು. ಪೇಟೆಯ ಹೆಂಗಸರು ನಿಂತು ನೋಡಿದರು. ಹೆಗಲ ಮೇಲಿನ ಬಟ್ಟೆ ಸರಿದಾಗ ಅಲ್ಲೊಂದು ಕಪ್ಪು ಗಟ್ಟಿ ಗಾಯ, ಎತ್ತಿನ ಕುತ್ತಿಗೆಯ ಜಡ್ಡಿನ ಹಾಗೆ, ಮದ್ರಹಿಮನಿಗೆ ಕಂಡಿತು.

“ಇದೇನು ಮಾಡ್ತಿದೀಯ ನೀನು?” ಎಂದ ಅವನು.

“ವ್ಯಾನಿನ ದಾರಿ ತುಂಬ ಸುತ್ತು ಮಾವ. ಹತ್ತಿರದ ದಾರೀಲಿ ಎರಡು ಕಾಲುವೆ ದಾಟ್ಬೇಕು. ಎರಡರ ಮೇಲೂ ಸೇತುವೆ ಇಲ್ಲ, ಅಡ್ಡ ಹಾಕಿದ ಜೋಡಿ ಪೈಪು ಅಷ್ಟೇ. ಹೋಗ್ತಾ ಎರಡು ಸಲ, ಬರ್ತಾ ಎರಡು ಸಲ ಹೊತ್ಕೊಂಡು ದಾಟ್ತೀನಿ. ನಿಮಗೆ ಗೊತ್ತಿಲ್ವಾ?”

ಅವನಿಗೆ ಗೊತ್ತಿರಲಿಲ್ಲ. ಆ ಪೈಪುಗಳನ್ನು ಅಲ್ಲಿ ಬೆಸೆದವನು ಅವನೇ.

“ನನಗೆ ಬೂದು ಬಣ್ಣದ್ದು ಬೇಕು,” ಎಂದಳು ಸನೋಬರ್.

ಮದ್ರಹಿಮ ಅವಳನ್ನು ಅಂಗಡಿಯ ಗೋಡೆಯ ಹತ್ತಿರ ಕರೆದು, ದನಿ ತಗ್ಗಿಸಿ ಹೇಳಿದ: “ಹುಚ್ಚಿ, ನಿನಗೋಸ್ಕರನೇ ಕಬ್ಬಿಣ ತಗೋತಿರೋದು. ತೊಳೆದ್ರೆ ಹಾಳಾಗುತ್ತೆ ಅಂತ ಈಗ ಮನೇಲಿ ಎಲ್ಲರಿಗೂ ಗೊತ್ತಾಗಿದೆ. ಕಬ್ಬಿಣ ತಂದ್ರೆ ಇನ್ನು ತೊಳಿ ಅನ್ನೋಕೆ ನಿನ್ನ ಅತ್ತೆಗೆ ಬಾಯಿ ಬರಲ್ಲ. ನಾನು ಎಲ್ಲ ಯೋಚನೆ ಮಾಡಿದೀನಿ.”

ಸನೋಬರ್ ಅವನ ಮುಖವನ್ನು ನೆಟ್ಟಗೆ ನೋಡಿದಳು. ಮದುವೆಯಾಗಿ ಬಂದ ಮೇಲೆ ಹಾಗೆ ನೋಡಿದ್ದು ಅದೇ ಮೊದಲು.

“ಅಂದ್ರೆ ನಿಮ್ಮ ಮಾತನ್ನ ಕಬ್ಬಿಣ ಆಡ್ಬೇಕು.”

“ಹಾಗಲ್ಲ.”

“ಮತ್ತೆ ಹೇಗೆ ಮಾವ? ಆ ಮಾತನ್ನ ದಿನಾ ನಾಲ್ಕು ಸಲ ನಾನು ಹೆಗಲ ಮೇಲೆ ಹೊತ್ಕೊಂಡು ಕಾಲುವೆ ದಾಟ್ಬೇಕು. ಒಂದೂವರೆ ವರ್ಷ ಮಂಚದ ಮೇಲೆ ಕೂತು ಚಹಾ ಕುಡೀತಾ ನೋಡಿದ್ರಿ. ಬೇಡ ಬಿಕಾಜಾನ್ ಅಂತ ಒಂದು ಸಲ ಅಂದಿದ್ರೆ ಹಳೇ ಸೈಕಲ್ಲೇ ಇನ್ನೂ ಓಡ್ತಿತ್ತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಸೊಪ್ಪಿನ ಕಟ್ಟು ಬಾಡಿದೆ ಎಂದು ತೋರಿಸುವ ದನಿ.

“ಅತ್ತೆ ಹೇಸಿಗೆ ಪಡ್ತಾರೆ. ಅವರ ಸ್ವಭಾವ,” ಎಂದಳು. “ನಿಮಗೆ ನನ್ನ ಮೇಲೆ ಹೇಸಿಗೆ ಇಲ್ಲ ಅಂತ ನನಗೆ ಗೊತ್ತು. ಗೊತ್ತಿದ್ದೂ ಏನು ಮಾಡ್ಲಿ ಅದನ್ನ?”

ರೋಜ್ಮತ ದೂರದಿಂದ ಕೂಗಿದ: “ಏನಾಯ್ತು ದೊಡ್ಡಪ್ಪ, ಹಸಿರಾ, ಬೂದಾ?”

“ಬೂದು,” ಎಂದ ಮದ್ರಹಿಮ.

ಮನೆಗೆ ಬರುವಾಗ ಸನೋಬರ್ ಸೈಕಲ್ ತುಳಿದುಕೊಂಡು ಬಂದಳು; ಅವನು ವ್ಯಾನಿನಲ್ಲಿ ಬಂದು, ಊರ ಬಾಗಿಲಲ್ಲಿ ಇಳಿದು ಅವಳಿಗಾಗಿ ಕಾದ. ಇಬ್ಬರೂ ಜೊತೆಯಾಗಿ ನಡೆದರು. ಧೂಳಿನ ದಾರಿ, ಎರಡೂ ಕಡೆ ರೆಂಬೆ ಕಡಿಸಿಕೊಂಡು ಬೋಳಾದ ಹಿಪ್ಪುನೇರಳೆ ಮರಗಳು.

“ನಾಳೆಯಿಂದ ಹೊತ್ತಿಗೆ ಹೋಗ್ತೀಯ,” ಎಂದ ಅವನು.

“ಹೂಂ,” ಎಂದಳು ಅವಳು.

ಹುಳುಗಳು ನಾಲ್ಕನೇ ಜ್ವರ ಕಳೆದು ಕೊನೆಯ ಮೇವಿಗೆ ಬಿದ್ದಿದ್ದವು. ಗೇಟಿನ ಹೊರಗೇ ಅವು ಮೇಯುವ ಸದ್ದು ಕೇಳುತ್ತಿತ್ತು, ಹಿಕ್ಕೆಯ ಬಿಸಿ ನಾತ ಮೂಗಿಗೆ ಹೊಡೆಯುತ್ತಿತ್ತು. ಬಿಕಾಜಾನ್ ಗೇಟಿನ ಸದ್ದಿಗೆ ಹೊರಗೆ ಬಂದಳು. ತಲೆಗೂದಲಲ್ಲಿ ಒಂದು ಹುಳು ಹರಿಯುತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಹೊಸ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, ಮುಖ ಅರಳಿಸಿದಳು.

“ಅಲ್ಯೂಮಿನಿಯಮ್ಮು ತಾನೆ?”

“ಹೌದು,” ಎಂದ ಮದ್ರಹಿಮ.

“ಒಳ್ಳೇದಾಯ್ತು. ಬಕೀಟು ತುಂಬಿಟ್ಟಿದೀನಿ. ಪೇಟೇಲಿ ಯಾರು ಯಾರು ಮುಟ್ಟಿದಾರೋ. ಇವತ್ತಿಂದಲೇ ಶುರುವಾಗ್ಲಿ.”

ಸನೋಬರ್ ಸೈಕಲ್ಲಿನ ಹಿಡಿ ಹಿಡಿದು ನಿಂತಳು. ಪಂಪಿನ ಕಡೆಗೂ ಹೋಗಲಿಲ್ಲ, ಬಾಗಿಲಿನ ಕಡೆಗೂ ಹೋಗಲಿಲ್ಲ. ಅತ್ತೆಯನ್ನು ನೋಡುತ್ತಿರಲಿಲ್ಲ. ಮಾವನ ಕಡೆಗೂ ತಿರುಗಲಿಲ್ಲ. ಸಾತಿಮ ಮಂಚದ ಮೇಲಿಂದ ಏನಾಗುತ್ತದೆಂದು ನೋಡಲು ಮೊಣಕೈ ಊರಿ ಎದ್ದ.

“ತೊಳೆಯಲ್ಲ,” ಎಂದ ಮದ್ರಹಿಮ.

“ಯಾಕೆ? ತುಕ್ಕು ಹಿಡಿಯಲ್ವಲ್ಲ ಇದು.”

“ಹಿಡಿಯಲ್ಲ. ಆದ್ರೂ ತೊಳೆಯಲ್ಲ. ಇವತ್ತಿಂದ ಇಲ್ಲ.”

“ಹುಳ ಸತ್ರೆ?”

“ಸಾಯ್ಲಿ.”

ಬಿಕಾಜಾನ್ ಗಂಡನ ಮುಖ ನೋಡಿದಳು. ಇನ್ನೇನೋ ಬರುತ್ತದೆಂದು ಕಾದಳು, ಬರಲಿಲ್ಲ. “ನಿಮಗೆ ತಲೆ ಕೆಟ್ಟಿದೆ,” ಎಂದು ಪಕ್ಕಕ್ಕೆ ಉಗುಳಿ, ಹುಳದ ಕೋಣೆಗೆ ಹೋಗಿ ಬಾಗಿಲನ್ನು ದಡಾರನೆ ಹಾಕಿಕೊಂಡಳು. ಸಾತಿಮ ಮತ್ತೆ ಒರಗಿದ. ಸನೋಬರ್ ಧೂಳು ಹಿಡಿದ ಸೈಕಲ್ಲನ್ನು ತಳ್ಳಿಕೊಂಡು ಅಂಗಳ ದಾಟಿ, ಅಡುಗೆಮನೆಯ ಗೋಡೆಗೆ ಒರಗಿಸಿ, ಒಳಗೆ ಹೋಗಿ ನಾದಲು ಹಿಟ್ಟಿನ ಚೀಲ ಬಿಚ್ಚಿದಳು.

ಅಷ್ಟೇ. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಮದ್ರಹಿಮ ಅಂಗಳದ ನಡುವೆ ನಿಂತೇ ಇದ್ದ. ಜಗಳವಾಗುತ್ತದೆ, ಮನೆ ಒಡೆಯುತ್ತದೆ, ಮುದುಕಿ ಎದೆ ಬಡಿದುಕೊಳ್ಳುತ್ತಾಳೆ ಎಂದು ಒಂದೂವರೆ ವರ್ಷ ನುಂಗಿಕೊಂಡಿದ್ದ ಮಾತು ಅದು. ಆಡಿದರೆ ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ. ಅಷ್ಟು ಸುಲಭದ ಮಾತಾಗಿತ್ತು ಎಂಬುದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಪಂಪಿನ ಹತ್ತಿರ ಹೋಗಿ, ತುಂಬಿಟ್ಟಿದ್ದ ಬಕೀಟನ್ನು ಕಾಲಿನಿಂದ ಉರುಳಿಸಿ, ಬಿಳಿ ಇಟ್ಟಿಗೆಗಳ ಮೇಲೆ ಬಗ್ಗಿ, ಬೆಳಿಗ್ಗೆಯಿಂದ ತಿಂದದ್ದನ್ನೆಲ್ಲ ಕಕ್ಕಿದ.